ಶುಕ್ರವಾರದ ಹೆಪ್ಪು

ಖಲಂದರ ಹಳೆಯ ಲುಂಗಿಯ ತುಂಡಿನಲ್ಲಿ ಬೆಲ್ಲದ ನೀರು ಸೋಸುತ್ತಿದ್ದ. ನೀರು ಬೀಳುವ ಸದ್ದೂ ಆಗಬಾರದೆಂದು ಬಟ್ಟೆಯ ತುದಿಯನ್ನು ಪಾತ್ರೆಯ ಒಳಮೈಗೆ ತಾಗಿಸಿ ಹಿಡಿದಿದ್ದ. ಸೋಸಿದ್ದನ್ನು ಬಿಳಿ ಕ್ಯಾನಿಗೆ ಇಳಿಸಿ, ಬೇವಿನ ಕಡ್ಡಿಯಿಂದ ಬಲಕ್ಕೆ ಇಪ್ಪತ್ತು ಸುತ್ತು, ಎಡಕ್ಕೆ ಇಪ್ಪತ್ತು ಸುತ್ತು ತಿರುವಿದ. ಮುಚ್ಚಳವನ್ನು ಬಿಗಿ ಮಾಡದೆ ಸುಮ್ಮನೆ ಮೇಲಿಟ್ಟ. ಆಮೇಲೆ ಗೋಡೆಯ ಬುಡದಲ್ಲಿ ಸಾಲಾಗಿದ್ದ ಐದು ಡಬ್ಬಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದಕ್ಕೂ ಎರಡೆರಡು ಚಮಚ ನೀರು ಹಾಕಿದ. ಡಬ್ಬಿಗೆ ನಾಲ್ಕರಂತೆ ಇಪ್ಪತ್ತು ಸೌತೆ ಸಸಿಗಳು ಎರಡೆರಡು ಎಲೆ ಬಿಚ್ಚಿಕೊಂಡು ನಿಂತಿದ್ದವು. ಬೆರಳು ಮಡಚುತ್ತಾ ಎಣಿಸಿದ. ಇಪ್ಪತ್ತೂ ಇದ್ದವು.

ಇಷ್ಟು ನಿಶ್ಶಬ್ದಕ್ಕೆ ಕಾರಣ ಗೋಡೆಯ ಆಚೆ ಕಡೆ ಇತ್ತು. ಅದರ ಹೆಸರು ಮರುಳಪ್ಪ. ಬೀದಿಯ ಕೊನೆಯ ಬಾವಿಯಲ್ಲಿ ಕೊಡ ಬಿದ್ದರೆ ಅದು ಯಾರ ಮನೆಯ ಕೊಡವೆಂದು ಹಾಸಿಗೆಯಲ್ಲೇ ಹೇಳುವ ಕಿವಿ ಅವನದು.

"ಏನು ಕದಡಾಕ ಹತ್ತೀಯಲೇ, ಖಲಂದರ?" ಗೋಡೆಯ ಆಚೆಯಿಂದ ದನಿ ಬಂತು.

"ಏನಿಲ್ಲಣ್ಣ."

"ಏನಿಲ್ಲದ್ದನ್ನ ನಲವತ್ತು ಸುತ್ತು ತಿರುವಿದೆಲ್ಲ! ಇರ್ಲಿ, ಸಂಜಿ ನಾಕಕ್ಕ ಗೊತ್ತಾಗತೈತಿ."

ಸಂಜೆ ನಾಲ್ಕಕ್ಕೆ ಗೊತ್ತಾಗಬೇಕಾಗಿದ್ದುದು ಖಲಂದರನ ಅಂಗಡಿ ಇರುತ್ತದೋ ಹೋಗುತ್ತದೋ ಎಂಬುದು.

ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿರುವ ಆ ಊರಿನಲ್ಲಿ ಖಲಂದರ ಹನ್ನೆರಡು ವರ್ಷಗಳಿಂದ ಔಷಧ ಹೊಡೆಯುವ ಪಂಪು ರಿಪೇರಿ ಮಾಡುತ್ತಿದ್ದ. ಸುತ್ತೆಲ್ಲ ಮೆಕ್ಕೆಜೋಳ, ಮೆಕ್ಕೆಜೋಳಕ್ಕೆ ಕಳೆ ಔಷಧ, ಔಷಧಕ್ಕೆ ಪಂಪು, ಪಂಪು ಕೈಕೊಟ್ಟರೆ ಖಲಂದರ. ರೈತರು ಪಂಪನ್ನು ತೊಳೆದು ತರುತ್ತಿರಲಿಲ್ಲ, ಹೊಲದಿಂದ ಹಾಗೇ ಹೊತ್ತು ತರುತ್ತಿದ್ದರು. ಒಳಗೆ ಉಳಿದ ಔಷಧವನ್ನು ಖಲಂದರ ಮನೆಗೆ ಅಂಟಿಕೊಂಡಿದ್ದ ಅಂಗಡಿಯ ಹಿಂದಿನ ಜಾಗಕ್ಕೆ ಸುರಿಯುತ್ತಿದ್ದ. ತೊಳೆದ ನೀರೂ ಅಲ್ಲಿಗೇ. ಅಂಗಡಿ ನಿಂತ ನೆಲವೂ ಸೇರಿ ಆ ಜಾಗ ಪಂಚಾಯಿತಿಯದು. "ಸದ್ಯಕ್ಕ ಇಟ್ಕೋ" ಎಂದು ಬಾಯಿಮಾತಿನಲ್ಲಿ ಕೊಟ್ಟಿದ್ದರು. ಸದ್ಯಕ್ಕೆ ಎಂದರೆ ಎಷ್ಟು ವರ್ಷ ಎಂದು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಹನ್ನೆರಡು ವರ್ಷದಲ್ಲಿ ಆ ಮಣ್ಣು ಮುಡಿ ಕೊಟ್ಟು ಬಂದ ತಲೆಯ ಹಾಗೆ ಬೋಳಾಯಿತು. ಗರಿಕೆ ಕೂಡ ಅತ್ತ ಕಡೆ ತಲೆ ಹಾಕುವುದನ್ನು ಬಿಟ್ಟಿತು. ಮೊದಲು ಖಲಂದರನಿಗೆ ಅದು ಒಳ್ಳೆಯದೇ ಅನಿಸಿತ್ತು, ಕಸ ಗುಡಿಸುವ ಕೆಲಸವಿಲ್ಲ ನೋಡಿ. ಆಮೇಲೆ ಮೂಲೆಯ ಬೋರಿಂಗಿನ ನೀರು ವಾಸನೆ ಬಂತು. ಕುಡಿಯಬಾರದೆಂದು ಪಂಚಾಯಿತಿಯವರು ಅದರ ಹಿಡಿಕೆಗೆ ಕೆಂಪು ಬಣ್ಣ ಬಳಿದರು. ಹೆಂಗಸರು ಕೊಡ ಹೊತ್ತು ಶಾಲೆಯ ತನಕ ನಡೆಯುವಂತಾಯಿತು. ಆಮೇಲೆ ಗೋಡೆಯಾಚೆಯ ಮಲ್ಲಿಗೆ ಒಣಗಿತು. ಮರುಳಪ್ಪ ಅದನ್ನು ಹಡಗಲಿಯಿಂದ ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ. ತನ್ನ ಮಕ್ಕಳನ್ನೂ ಅವನು ಹಾಗೆ ತೊಡೆಯ ಮೇಲೆ ಕೂರಿಸಿಕೊಂಡಿದ್ದನ್ನು ಊರು ನೋಡಿರಲಿಲ್ಲ.

ಅಂಗಡಿ ಮುಚ್ಚಿಸಿ ಎಂದು ಮರುಳಪ್ಪ ಪಂಚಾಯಿತಿಗೆ ಅರ್ಜಿ ಕೊಟ್ಟ. ಅರ್ಜಿ ಸುಳ್ಳೆನ್ನಲು ಖಲಂದರನಿಗೆ ಬಾಯಿ ಬರಲಿಲ್ಲ. ಅವನ ತಂಗಿ ಅಸ್ಮಾಳ ಮದುವೆಗೆ ಜಡೆ ತುಂಬ ಹೂವು ಬಂದಿದ್ದು ಅದೇ ಬಳ್ಳಿಯಿಂದ.

ಆಗ ಬಂದವರು ಪುಷ್ಪಲತಾ ಮೇಡಂ. ಕೃಷಿ ಸಂಶೋಧನೆಯವರು. ಬೋಳು ಮಣ್ಣನ್ನು ಚಿಟಿಕೆಯಲ್ಲಿ ಎತ್ತಿ ನೋಡಿ, "ಖಲಂದರ್ ಅವರೇ, ಇದಕ್ಕೆ ಔಷಧ ಬೇಡ, ಊಟ ಮಾಡೋರು ಬೇಕು" ಎಂದರು. ಬಿಳಿ ಕ್ಯಾನು ಕೊಟ್ಟರು. ಅದರಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿದ್ದವು. ನಾವು ರೊಟ್ಟಿ ತಿನ್ನುವ ಹಾಗೆ ಅವು ಕಳೆ ಔಷಧವನ್ನೇ ಮುರಿದು ತಿನ್ನುತ್ತವಂತೆ. ದಿನಾ ಬೆಲ್ಲದ ನೀರು ಕೊಟ್ಟು ಬೆಳೆಸಬೇಕು, ಅರ್ಧ ತೆಗೆದು ಮಣ್ಣಿಗೆ ಹಾಕಬೇಕು, ನಲವತ್ತು ದಿನ. ಮೂವತ್ತನೆಯ ದಿನ ಆ ಮಣ್ಣನ್ನೇ ಡಬ್ಬಿಗೆ ತುಂಬಿ ಸೌತೆ ಬೀಜ ಹಾಕಬೇಕು. ಔಷಧ ಉಳಿದಿದ್ದರೆ ಸೌತೆ ಬದುಕುವುದಿಲ್ಲ. ಸೌತೆ ನಿಂತರೆ ಮಣ್ಣು ಗೆದ್ದ ಹಾಗೆ. ಪಂಪು ತೊಳೆದ ನೀರನ್ನು ಇನ್ನು ಮೇಲೆ ಡ್ರಮ್ಮಿನಲ್ಲಿ ಹಿಡಿಯಬೇಕು.

ಖಲಂದರ ಎಲ್ಲವನ್ನೂ ಹೇಳಿದ ಹಾಗೆ ಮಾಡಿದ. ಇವತ್ತು ನಲವತ್ತನೆಯ ದಿನ. ಸಂಜೆ ನಾಲ್ಕಕ್ಕೆ ಮೇಡಂ ಪಂಚಾಯಿತಿಯ ಪಿಡಿಒ ಕೊಟ್ರಸ್ವಾಮಿಯವರ ಜೊತೆ ಬರುವವರಿದ್ದರು. ಸಸಿ ನಿಂತಿದ್ದರೆ ಅರ್ಜಿ ವಜಾ. ಇಲ್ಲದಿದ್ದರೆ ಅಂಗಡಿಗೆ ಬೀಗ.

ಎಲ್ಲ ಸರಿಯಾಗಿಯೇ ಇತ್ತು. ನಿನ್ನೆ ಗಾದೆಮ್ಮನ ಹತ್ತಿರ ಅವನು ಒಂದು ಮಾತು ಆಡದೇ ಇದ್ದಿದ್ದರೆ ಎಲ್ಲ ಸರಿಯಾಗಿಯೇ ಇರುತ್ತಿತ್ತು.

ಗಾದೆಮ್ಮ ಮಹಿಳಾ ಸಂಘದ ಅಧ್ಯಕ್ಷೆ. ಅವಳು ಪ್ರಶ್ನೆ ಕೇಳಿದರೆ ತಾಸೀಲ್ದಾರರೂ ಎದ್ದು ನಿಂತು ಉತ್ತರ ಹೇಳುತ್ತಾರೆಂದು ಊರಿನ ನಂಬಿಕೆ. ಅವಳು, "ಅಲ್ಲಪ್ಪಾ, ಕಣ್ಣಿಗೆ ಕಾಣಂಗಿಲ್ಲ ಅಂತೀ, ಅಷ್ಟು ಜಾಗ ಹೆಂಗ ತುಂಬ್ತಾವ ಅವು?" ಎಂದು ಕೇಳಿದಳು.

"ಹೆಪ್ಪು ಇದ್ದಂಗ ಗಾದೆಮ್ಮಕ್ಕ," ಅಂದಿದ್ದ ಖಲಂದರ. "ಒಂದೀಟು ಹಾಕಿದ್ರ ಸಾಕು. ಬೆಳಗಾಗಾದ್ರಾಗ ಗಡಿಗಿ ತುಂಬ ಅವ."

ಇಷ್ಟೇ ಮಾತು. ಆದರೆ ಹೆಪ್ಪು ಎಂಬುದು ಆ ಬೀದಿಯಲ್ಲಿ ಸಣ್ಣ ವಿಷಯವಲ್ಲ. ಹೆಪ್ಪು ಕೇಳಿದವರಿಗೆ ಇಲ್ಲ ಎನ್ನಬಾರದು. ಹಾಗೆಯೇ ಮಂಗಳವಾರ, ಶುಕ್ರವಾರ ಮನೆಯಿಂದ ಹೆಪ್ಪು ಹೊರಗೆ ಹೋಗಬಾರದು, ಅದರ ಹಿಂದೆಯೇ ಲಕ್ಷ್ಮಿಯೂ ಹೋಗಿಬಿಡುತ್ತಾಳೆ. ಹಾಗಾದರೆ ಶುಕ್ರವಾರ ಹೆಪ್ಪು ಮುಗಿದವರು ಏನು ಮಾಡಬೇಕು? ಅದಕ್ಕೆ ಬೀದಿ ಎಂದೋ ದಾರಿ ಕಂಡುಕೊಂಡಿತ್ತು. ಶುಕ್ರವಾರ ಎಲ್ಲರೂ ಖಲಂದರನ ತಾಯಿ ಅಜೀಜಬಿಯ ಮನೆಗೆ ಬರುತ್ತಿದ್ದರು. ಅವಳಿಗೆ ಆ ನಿಯಮವಿಲ್ಲ. ಇಪ್ಪತ್ತೈದು ವರ್ಷಗಳಿಂದ ಬೀದಿಯ ಶುಕ್ರವಾರದ ಮೊಸರೆಲ್ಲ ಅಜೀಜಬಿಯ ಗಡಿಗೆಯ ಮಕ್ಕಳು, ಮೊಮ್ಮಕ್ಕಳು.

ಇವತ್ತು ಶುಕ್ರವಾರ.

ಮಧ್ಯಾಹ್ನ ಖಲಂದರ ಮಿಂದು, ಇಸ್ತ್ರಿಯ ಅಂಗಿ ತೊಟ್ಟು ಜುಮ್ಮಾ ನಮಾಜಿಗೆ ಹೋದ. ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ಹೊತ್ತು ಕೈಯೆತ್ತಿ ದುವಾ ಬೇಡಿದ. ಎರಡು ಗಂಟೆಗೆ ತಿರುಗಿ ಬಂದಾಗ ಬೀದಿಯ ಹೆಂಗಸರು ಗಿಂಡಿ, ತಂಬಿಗೆ, ಲೋಟಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವನ ಮನೆಯಿಂದ ಹೊರಗೆ ಹೋಗುತ್ತಿದ್ದರು. ಒಬ್ಬೊಬ್ಬರೂ ಅವನನ್ನು ನೋಡಿ ಎಂದೂ ನಗದಷ್ಟು ಚೆನ್ನಾಗಿ ನಕ್ಕರು. ಖಲಂದರನ ಎದೆಯಲ್ಲಿ ಪಂಪಿನ ವಾಷರ್ ಜಾರಿದ ಹಾಗಾಯಿತು.

ಒಳಗೆ ಅಜೀಜಬಿ ಬಿಳಿ ಕ್ಯಾನನ್ನು ಬೋರಲು ಹಾಕಿ ತಟ್ಟುತ್ತಿದ್ದಳು.

"ಅಮ್ಮಾ! ಇದೇನು ಮಾಡಿದಿ?"

"ಪಕ್ಕೀರಮ್ಮಗ ಒಂದೀಟು ಕಡಿಮಿ ಬಿತ್ತು ಬೇಟಾ. ತಳದಾಗ ಐತೇನಂತ ನೋಡಾಕ ಹತ್ತೀನಿ."

"ಎಲ್ಲಾ ಕೊಟ್ಟುಬಿಟ್ಟೀ?"

"ಕೇಳಿದ್ರು, ಕೊಟ್ಟೆ. ಹೆಪ್ಪು ಇಲ್ಲ ಅಂತ ಹೆಂಗನ್ನಾದು? ಮನಿ ಬರಕತ್, ಮನಿ ಸಿರಿ ಹೋಗ್ತೈತಿ." ಅಜೀಜಬಿಗೆ ತನ್ನ ಕೆಲಸದ ಬಗ್ಗೆ ಅನುಮಾನವೇ ಇರಲಿಲ್ಲ. "ಹಾಲಿಗೆ ಹಾಕಬ್ಯಾಡ್ರಿ, ಬಾಯಿಗೆ ಇಡಬ್ಯಾಡ್ರಿ, ಮಣ್ಣಿಗಷ್ಟ ಅಂತ ಒಬ್ಬೊಬ್ಬರಿಗೂ ಆಣಿ ಮಾಡಿಸೇ ಕೊಟ್ಟೀನಿ. ನಿನ್ನ ತಾಯಿ ಅಷ್ಟು ದಡ್ಡಿ ಅಲ್ಲ."

ಖಲಂದರ ಬಾಗಿಲ ಚೌಕಟ್ಟು ಹಿಡಿದುಕೊಂಡ. ಹೋಗಲಿ, ಸಸಿ ಇವೆಯಲ್ಲ, ಪರೀಕ್ಷೆ ಸಸಿಗೆ ತಾನೆ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಫೋನು ಬಂತು. ಪುಷ್ಪಲತಾ ಮೇಡಂ.

"ಖಲಂದರ್, ನಾನು ಆಗಲೇ ಹೇಳಿದ್ದೆನಲ್ಲ, ಕ್ಯಾನಿನಲ್ಲಿ ಒಂದು ಲೀಟರ್ ಉಳಿಸಿ ಅಂತ. ಉಳಿಸಿದ್ದೀರಲ್ಲ?"

"ಅದು... ಹ್ಞೂ ಮೇಡಂ."

"ಬೇಕೇ ಬೇಕು. ನೀವು ಮಣ್ಣಿಗೆ ಸುರಿದದ್ದು ಬೇರೆ ಏನೋ ವಿಷ ಅಂತ ಅರ್ಜಿಗೆ ಆಮೇಲೆ ಸೇರಿಸಿದ್ದಾರೆ. ಪಿಡಿಒ ಮುಂದೆ ಬಾಟಲಿಗೆ ಹಾಕಿ ಸೀಲ್ ಮಾಡಬೇಕು. ಅದಿಲ್ಲ ಅಂದ್ರೆ ಸಸಿ ಎಷ್ಟು ಚೆನ್ನಾಗಿದ್ರೂ ಪರೀಕ್ಷೆ ಲೆಕ್ಕಕ್ಕಿಲ್ಲ."

ಖಲಂದರ ಖಾಲಿ ಕ್ಯಾನು ಹಿಡಿದುಕೊಂಡು ಬೀದಿಗೆ ಇಳಿದ. ಕೊಟ್ಟ ಹೆಪ್ಪನ್ನು ವಾಪಸ್ಸು ಕೇಳಲು ಹೊರಟ ಮೊದಲ ಮನುಷ್ಯ ತಾನೇ ಇರಬೇಕೆಂದು ಅವನಿಗೆ ಅನಿಸಿತು. ಮುಖ ತೋರಿಸಲು ನಾಚಿಕೆಯಾಗಿ ಕ್ಯಾನನ್ನು ಮುಖದ ಮಟ್ಟಕ್ಕೆ ಹಿಡಿದು ನಡೆದ.

ಮೊದಲು ಪಕ್ಕೀರಮ್ಮನ ಮನೆ.

"ಅಯ್ಯ, ಇಲ್ಲಪ್ಪಾ! ತಂದಾಕೇನ ನಿಂಬಿ ಗಿಡಕ್ಕ ಹೊಯ್ದುಬಿಟ್ಟೆ," ಎಂದಳು ಅವಳು. "ಅದರ ಬುಡದಾಗ ನಮ್ಮ ಯಜಮಾನ್ರು ಪಂಪು ತೊಳೀತಾರ. ಎರಡು ವರ್ಷಾತು, ಒಂದು ಹೂವಿಲ್ಲ. ನಿನ್ನ ಹುಳ ಹೊಟ್ಟಿ ತುಂಬ ಉಣ್ಲಿ ಅಂತ ಪೂರಾ ಹಾಕೀನಿ. ಹೆಸರು ಬರ್ತೈತಿ ನೋಡು ನಿನಗ." ಅವನ ಮುಖ ನೋಡಿ ಪಾಪ ಅನಿಸಿ, "ಮಣ್ಣು ಇನ್ನೂ ಹಸಿ ಐತಿ. ಹಿಂಡಿದ್ರ ಬರ್ತೈತೇನು?" ಎಂದಳು.

ಎರಡನೆಯ ಮನೆಯಲ್ಲಿ ಬಚ್ಚಲ ಕಾಲುವೆಗೆ ಹೋಗಿತ್ತು. ಮೂರನೆಯ ಮನೆಯಲ್ಲಿ ತಿಪ್ಪೆಗೆ. ನಾಲ್ಕನೆಯದು ಗಾದೆಮ್ಮನ ಮನೆ. ಅಲ್ಲಿ ಹೋಗುತ್ತಿದ್ದಂತೆ ಖಲಂದರನ ಜೀವಕ್ಕೆ ತಂಪಾಯಿತು. ಹೊಸ ಗಡಿಗೆ, ಅದರ ತುಂಬ ಬೆಲ್ಲದ ನೀರು, ಅದರೊಳಗೆ ಅವನ ಜೀವಿಗಳು. ಗಡಿಗೆಯ ಹೊಟ್ಟೆಗೆ ಮೂರು ಬೆರಳು ವಿಭೂತಿ ಎಳೆದು ದೇವರ ಗೂಡಿನ ಕೆಳಗೆ ಇಟ್ಟಿದ್ದಳು.

"ಗಾದೆಮ್ಮಕ್ಕ, ಒಂದ ಒಂದು ಲೀಟರು..."

"ಇವತ್ತು ಏನ್ವಾರ?"

"ಶುಕ್ರವಾರ."

"ಮತ್ತ?"

"ಅಕ್ಕಾ, ಅದು ಮೊಸರಿನ ಹೆಪ್ಪಲ್ಲ. ಸೂಕ್ಷ್ಮಜೀವಿ."

"ಜೀವಿ ಅಂದ್ಮ್ಯಾಲ ಇನ್ನೂ ಕೊಡಬಾರದು. ನಿನ್ನ ಬಾಯಿಲೇ ಹೇಳೀ ಹೆಪ್ಪು ಅಂತ. ನನ್ನ ಹೆತ್ತ ಮಗಳು ಬಂದು ಕೇಳಿದ್ರೂ ಶುಕ್ರವಾರ ಕೊಟ್ಟಾಕಿ ಅಲ್ಲ ನಾನು. ನಾಳಿ ಬೆಳಿಗ್ಗಿ ಬಾ, ಕೊಡ ತುಂಬ ಒಯ್ಯಿ."

"ನಾಳಿ ಬೆಳಿಗ್ಗಿ ಅಂಗಡಿಗೆ ಬೀಗ ಬಿದ್ದಿರ್ತೈತಿ ಅಕ್ಕಾ."

ಗಾದೆಮ್ಮನಿಗೆ ನಿಜವಾಗಿಯೂ ದುಃಖವಾಯಿತು. "ನೋಡು ಖಲಂದರ, ನಿನ್ನ ಮ್ಯಾಲ ನನಗ ಭಾಳ ಮಮತಿ ಐತಿ. ಬೇಕಾದ್ರ ಪಿಡಿಒ ಸಾಹೇಬ್ರ ಕೂಡ ಜಗಳ ಮಾಡ್ತೀನಿ. ಲಕ್ಷ್ಮಿ ಕೂಡ ಜಗಳ ಮಾಡು ಅಂದ್ರ ಆಗಂಗಿಲ್ಲ."

ಇನ್ನೂ ಐದು ಮನೆ ತಿರುಗಿದ. ಹೆಪ್ಪು ಇದ್ದವರಿಗೆ ಶುಕ್ರವಾರವಿತ್ತು. ಶುಕ್ರವಾರದ ಚಿಂತೆ ಇಲ್ಲದವರ ಹತ್ತಿರ ಹೆಪ್ಪು ಇರಲಿಲ್ಲ. ಮೂರೂವರೆಗೆ ಖಲಂದರ ಸಂತೆಯಲ್ಲಿ ಮೇಕೆ ಕಳೆದುಕೊಂಡವನ ಹಾಗೆ ಅಂಗಡಿಯ ಹಿಂದೆ ಬಂದು ಗೋಡೆಗೆ ಒರಗಿ ಕೂತ.

"ಖಲಂದರಪ್ಪಾ," ಎಂದು ಗೋಡೆ ಪಿಸುಗುಟ್ಟಿತು.

ಮರುಳಪ್ಪನ ಹೆಂಡತಿ ನಾಗಲಿಂಗಮ್ಮ. ಗೋಡೆಯ ಮೇಲೆ ಅವಳ ಅರ್ಧ ಮುಖ ಕಾಣಿಸಿತು.

"ನಿನಗ ಹೆಪ್ಪು ಬೇಕಂತಲ್ಲ. ನನ್ನ ಹಂತ್ಯಾಕ ಒಂದು ತಂಬಿಗಿ ಐತಿ. ಸೌದಿ ಒಟ್ಟಿನ ಹಿಂದ ಮುಚ್ಚಿಟ್ಟೀನಿ."

"ನಿಮ್ಮ ಹಂತ್ಯಾಕ? ನಿಮಗ ಯಾರು ಕೊಟ್ರು?"

"ನಿಮ್ಮವ್ವ. ಒಂದು ತಿಂಗಳಾತು, ದಿನಾ ಗೋಡಿ ಮ್ಯಾಲಿಂದ ಕೊಡ್ತಾಳ. ನಮ್ಮ ಯಜಮಾನ್ರಿಗೆ ಹೇಳೀಯಪ್ಪಾ ಮತ್ತ!"

ಖಲಂದರ ಎರಡೂ ಕೈ ಚಾಚಿದ. "ಕೊಡ್ರಿ ಅಕ್ಕಾ, ಲಗೂನ ಕೊಡ್ರಿ."

"ಕೊಡಾಕ ಹೆಂಗ ಬರ್ತೈತಿ? ಶುಕ್ರವಾರಲ್ಲ?"

ಖಲಂದರನಿಗೆ ಅಳು ಬಂದಿತ್ತು. ನಾಗಲಿಂಗಮ್ಮ ಅತ್ತ ಇತ್ತ ನೋಡಿ ದನಿ ಇನ್ನೂ ತಗ್ಗಿಸಿದಳು. "ನಾ ಕೊಡಂಗಿಲ್ಲ. ಆದ್ರ ನೀ ಕದ್ದರ ಅದು ಕೊಟ್ಟಂಗ ಆಗಂಗಿಲ್ಲ. ಯಜಮಾನ್ರು ಮುಂದಿನ ಕಟ್ಟಿ ಮ್ಯಾಲ ಅದಾರ. ನಾ ಆ ಕಡಿ ಮಖ ಮಾಡಿ ಕುಂದರ್ತೀನಿ. ಗೋಡಿ ಹತ್ತಿ ಬಂದು ಕದಕೊಂಡು ಹೋಗು."

ತನ್ನ ವಸ್ತುವನ್ನು ತಾನೇ ಕದಿಯಲು ಗೋಡೆ ಹತ್ತುವ ಕಾಲ ಬರುತ್ತದೆಂದು ಖಲಂದರ ಎಣಿಸಿರಲಿಲ್ಲ. ಹಳೆಯ ಪಂಪಿನ ಟ್ಯಾಂಕು ಬೋರಲು ಹಾಕಿ ಅದರ ಮೇಲೆ ನಿಂತ. ಜುಮ್ಮಾದ ಇಸ್ತ್ರಿ ಅಂಗಿಯ ಗುಂಡಿಯೊಂದನ್ನು ಗೋಡೆ ಇಟ್ಟುಕೊಂಡಿತು. ಆಚೆ ಇಳಿದು ಸೌದೆಯ ಹಿಂದೆ ಕೈ ಹಾಕಿದ. ನಾಗಲಿಂಗಮ್ಮ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

"ಅಕ್ಕಾ, ಸೌದಿ ಮ್ಯಾಲ ಬೀಳಾಕ ಹತ್ತೈತಿ."

"ಎಡಗಡಿ ಕಟಿಗಿ ಹಿಡ್ಕೊಂಡು ಜಗ್ಗು. ನಾ ಹೇಳಿಲ್ಲ."

ತಂಬಿಗೆ ಸಿಕ್ಕಿತು. ತುಂಬಿತ್ತು. ಖಲಂದರ ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಸೌದೆಯ ಒಟ್ಟಿನ ಮೇಲಿಂದ ಗೋಡೆ ಹತ್ತಿದ. ಒಂದು ಕಾಲು ಆಚೆ, ಒಂದು ಕಾಲು ಈಚೆ ಇದ್ದ ಹೊತ್ತಿಗೆ ಹಿತ್ತಲ ಬಾಗಿಲು ತೆರೆಯಿತು.

"ಕಳ್ಳ! ಕಳ್ಳ!" ಮರುಳಪ್ಪನ ದನಿ ಬಸ್ ನಿಲ್ದಾಣದ ತನಕ ಹೋಯಿತು. "ಹಾಡಹಗಲ ಮನಿ ಹೊಕ್ಕಾನ! ಬರ್ರೆಲೇ!"

ಖಲಂದರ ಬೆಚ್ಚಿ ತನ್ನ ಕಡೆಗೆ ಅಂಗಾತ ಬಿದ್ದ. ಬಿದ್ದರೂ ಮೊಹರಮ್ಮಿನಲ್ಲಿ ಪೀರಲ ದೇವರು ಹೊತ್ತವನ ಹಾಗೆ ತಂಬಿಗೆಯ ಕೈಯನ್ನು ಮಾತ್ರ ಆಕಾಶಕ್ಕೆ ಎತ್ತಿಯೇ ಹಿಡಿದಿದ್ದ. ಒಂದು ತೊಟ್ಟು ಚೆಲ್ಲಲಿಲ್ಲ. ಹೆಪ್ಪು ಉಳಿಯಿತು ಎಂದು ಅವನು ದೇವರನ್ನು ನೆನೆಯುವಷ್ಟರಲ್ಲಿ ಬೆನ್ನಿನ ಕೆಳಗೆ ತಣ್ಣಗೆ, ಮೆತ್ತಗೆ ಏನೋ ತಾಗಿತು.

ಐದು ಡಬ್ಬಿ. ಇಪ್ಪತ್ತು ಸಸಿ.

ಬೊಬ್ಬೆ ಕೇಳಿ ಬೀದಿಯೆಲ್ಲ ಬಂತು. ಬೀದಿಯ ಹಿಂದೆಯೇ ಒಂದು ಜೀಪು ಬಂತು. ಪಿಡಿಒ ಕೊಟ್ರಸ್ವಾಮಿ ಕಡತವನ್ನು ಎದೆಗೆ ಅವಚಿಕೊಂಡು ಇಳಿದರು, ಪುಷ್ಪಲತಾ ಮೇಡಂ ಬಾಟಲಿಯ ಪೆಟ್ಟಿಗೆ ಹಿಡಿದು ಇಳಿದರು. ಖಲಂದರ ಎದ್ದು ನಿಂತು ತಂಬಿಗೆಯನ್ನು ಮೇಡಂ ಕೈಗೆ ಕೊಟ್ಟ.

"ಒಂದು ಲೀಟರ್ ಮೇಡಂ."

"ಒಳ್ಳೇದು. ಸಸಿ ಎಲ್ಲಿ?" ಎಂದರು ಕೊಟ್ರಸ್ವಾಮಿ.

ಖಲಂದರ ನಿಧಾನವಾಗಿ ತಿರುಗಿ ನಿಂತ. "ಬೆನ್ನ ಮ್ಯಾಲ ಅದಾವ ಸಾಹೇಬ್ರ."

ಇಸ್ತ್ರಿ ಅಂಗಿಗೆ ಅಂಟಿಕೊಂಡಿದ್ದ ಸೌತೆ ಎಲೆಗಳನ್ನು ಮೇಡಂ ಎಣಿಸಲು ಹೋಗಿ ಕೈಬಿಟ್ಟರು. "ಇವು ನಿಂತಿದ್ದವು ಅಂತ ನನಗೆ ಗೊತ್ತು. ಆದರೆ ನಿಂತಿದ್ದನ್ನ ಸಾಹೇಬರು ಕಣ್ಣಾರೆ ನೋಡಬೇಕು."

ಮರುಳಪ್ಪ ಗುಂಪನ್ನು ಸೀಳಿಕೊಂಡು ಮುಂದೆ ಬಂದ. "ನೋಡಾದೇನೈತ್ರಿ? ಮೊದಲು ವಿಷ ಹಾಕಿದ. ಈಗ ಕಳ್ಳತನಕ್ಕ ಇಳದಾನ. ನನ್ನ ಮನಿ ಹೊಕ್ಕು ಕದ್ದಾನ!"

"ಏನು ಕದ್ದ?"

ಮರುಳಪ್ಪ ಖಲಂದರನ ಕಡೆಗೆ ತಿರುಗಿದ. "ಏನಲೇ ಕದ್ದಿ?"

ನಾಗಲಿಂಗಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಅವನ ತಪ್ಪಿಲ್ರಿ ಸಾಹೇಬ್ರ. ಕದಿ ಅಂತ ನಾನ ಹೇಳೀನಿ."

"ನಮ್ಮ ಮನ್ಯಾಗ ಕದಿ ಅಂತ ನೀ ಹೇಳಿದ್ಯಾ?" ಮರುಳಪ್ಪನ ಕಣ್ಣು ಹೊರಗೆ ಬಂದವು.

"ಕೊಡಾಕ ಇವತ್ತು ಶುಕ್ರವಾರ ಅಲ್ಲೇನ್ರಿ!"

ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು. ಕಳ್ಳತನದ ಮೊಕದ್ದಮೆ ಅಲ್ಲಿಗೆ ಮುಗಿಯಿತು. ಕೊಟ್ರಸ್ವಾಮಿಯವರು ಮಾತ್ರ ಇದನ್ನು ಕಡತದಲ್ಲಿ ಹೇಗೆ ಬರೆಯಬೇಕೆಂದು ತಿಳಿಯದೆ ಪೆನ್ನಿನ ಮುಚ್ಚಳ ಹಾಕಿದರು.

"ಅಮ್ಮಾ, ನಿಮ್ಮ ಹತ್ರ ಇದು ಯಾಕಿತ್ತು?" ಮೇಡಂ ಕೇಳಿದರು. "ಯಾವುದಕ್ಕೆ ಹಾಕಿದ್ರಿ?"

ನಾಗಲಿಂಗಮ್ಮ ಗಂಡನ ಮುಖ ನೋಡಿದಳು, ನೆಲ ನೋಡಿದಳು. ಆಮೇಲೆ ಎಲ್ಲರನ್ನೂ ತನ್ನ ಹಿತ್ತಲಿಗೆ ಕರೆದುಕೊಂಡು ಹೋಗಿ, ಗೋಡೆಯ ಮೂಲೆಯಲ್ಲಿ ಬೋರಲು ಹಾಕಿದ್ದ ಹರಕು ಬುಟ್ಟಿಯನ್ನು ಎತ್ತಿದಳು.

ಮಲ್ಲಿಗೆಯ ಒಣ ಬೊಡ್ಡೆಯ ತುಂಬ ಚಿಗುರು. ಏಳೋ ಎಂಟೋ ಇದ್ದವು. ಇನ್ನೂ ನೆಟ್ಟಗೆ ನಿಲ್ಲಲು ಬಾರದ, ಬೆರಳುದ್ದದ, ಹೊಳೆಯುವ ಹಸಿರು. ಬೊಡ್ಡೆಯ ಸುತ್ತ ಗರಿಕೆ, ಗರಿಕೆಯ ನಡುವೆ ಎರೆಹುಳ ಎತ್ತಿ ಹಾಕಿದ ಮಣ್ಣಿನ ಸಣ್ಣ ಸಣ್ಣ ಗುಪ್ಪೆ.

ಆ ಬೊಡ್ಡೆಯನ್ನು ನೋಡಲಾರೆನೆಂದು ಮರುಳಪ್ಪ ಎಷ್ಟೋ ತಿಂಗಳಿಂದ ಹಿತ್ತಲ ಆ ಮೂಲೆಗೆ ಬೆನ್ನು ಹಾಕಿಯೇ ಓಡಾಡುತ್ತಿದ್ದ. ಈಗ ಮಂಡಿಯೂರಿ ಕೂತು ಒಂದು ಚಿಗುರಿನ ಕೆಳಗೆ ಬೆರಳಿಟ್ಟ, ಕೂಸಿನ ಗದ್ದಕ್ಕೆ ಇಡುವ ಹಾಗೆ.

"ಇದು ಸತ್ತಿತ್ತಲ್ಲಾ..."

"ಸತ್ತಿತ್ತು," ಎಂದಳು ನಾಗಲಿಂಗಮ್ಮ.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಇದರ ಮ್ಯಾಲೂ ಒಂದು ಅರ್ಜಿ ಕೊಡ್ತಿದ್ರಿ."

ಬೀದಿಗೆ ಬೀದಿಯೇ ನಕ್ಕಿತು. ಮರುಳಪ್ಪನೂ ನಕ್ಕು, ತಾನು ನಗಬಾರದೆಂದು ನೆನಪಾಗಿ ಕೆಮ್ಮಿದ. ಮೇಡಂ ಗೋಡೆಯ ಎರಡೂ ಬದಿಯ ಮಣ್ಣು ಅಗೆದು ನೋಡಿದರು, ಮೂಸಿದರು, ಚೀಲಕ್ಕೆ ತುಂಬಿದರು. ಖಲಂದರನ ಕಡೆಯಲ್ಲೂ ಗೋಡೆಯ ಬುಡದುದ್ದಕ್ಕೆ ಹುಲ್ಲು ಕಣ್ಣು ಬಿಟ್ಟಿತ್ತು. ಅವನು ನಲವತ್ತು ದಿನವೂ ಕ್ಯಾನು, ಡಬ್ಬಿಗಳನ್ನೇ ನೋಡುತ್ತಾ ಕೂತವನು, ಅದನ್ನು ಗಮನಿಸಿಯೇ ಇರಲಿಲ್ಲ.

"ಸಾಹೇಬ್ರೇ, ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಹತ್ರ ಇಲ್ಲ," ಎಂದರು ಮೇಡಂ. "ಡಬ್ಬಿ ಸೌತೆ ಸಣ್ಣ ಪರೀಕ್ಷೆ. ಇಲ್ಲಿ ಆಳದ ಬೇರೇ ಚಿಗುರಿದೆ. ಬೋರಿಂಗಿನ ನೀರನ್ನೂ ಪರೀಕ್ಷೆಗೆ ಒಯ್ತೀನಿ. ವರದಿ ಚೆನ್ನಾಗಿ ಬಂದ್ರೆ ಆ ಕೆಂಪು ಬಣ್ಣ ಅಳಿಸಬಹುದು."

"ಅರ್ಜಿ ವಾಪಸ್ ತಗೊಂತೀನ್ರಿ," ಎಂದ ಮರುಳಪ್ಪ, ಚಿಗುರಿನಿಂದ ಕಣ್ಣು ತೆಗೆಯದೆ. "ಏನ ಆಗ್ಲಿ, ಹುಡುಗ ಮಾಡಿದ್ದನ್ನ ತಾನ ತಿದ್ದ್ಯಾನ."

ಖಲಂದರನಿಗೆ ಮೂವತ್ತೆಂಟು ವರ್ಷ. ಹುಡುಗ ಅನಿಸಿಕೊಂಡು ಅವನು ಅಂಗಿಯ ಗುಂಡಿ ಹಾಕಿಕೊಳ್ಳಲು ಹೋದ, ಗುಂಡಿ ಇರಲಿಲ್ಲ. ಹೆಂಗಸರು ಚಪ್ಪಾಳೆ ತಟ್ಟಿದರು. ಅಜೀಜಬಿ ಮಗನ ಬೆನ್ನಿನಿಂದ ಸೌತೆ ಎಲೆಗಳನ್ನು ಒಂದೊಂದೇ ಬಿಡಿಸುತ್ತಾ, "ನೋಡಿದ್ಯಾ? ಕೊಟ್ಟಿದ್ದು ಕೆಡಂಗಿಲ್ಲ," ಎಂದಳು. ಕೊಟ್ರಸ್ವಾಮಿಯವರು ಅಂಗಡಿಯ ಮುಂದಿನ ಮೇಜಿನ ಮೇಲೆ ಕಡತ ಬಿಚ್ಚಿ, ಅರ್ಜಿ ವಜಾ ಎಂದು ಬರೆದು, ದಪ್ಪಗೆ ಸಹಿ ಹಾಕಿದರು. ಖಲಂದರ ಆ ಸಹಿಯನ್ನು ಮೂರು ಸಲ ಓದಿದ.

"ಸಾಹೇಬ್ರ," ಎಂದಳು ಗಾದೆಮ್ಮ.

ಅವಳ ದನಿ ಕೇಳಿ ಕೊಟ್ರಸ್ವಾಮಿಯವರು ಅರ್ಧ ಎದ್ದು ನಿಂತರು.

"ನಮ್ಮ ಸಂಘಕ್ಕ ಸಸಿಮಡಿ ಮಂಜೂರಾಗಿ ಎರಡು ವರ್ಷಾತು. ಬೇವು, ಹೊಂಗಿ, ಹುಣಸಿ ಹತ್ತು ಸಾವಿರ ಸಸಿ ಬೆಳಸ್ರಿ ಅಂದ್ರಿ. ಜಾಗ ಕೇಳಿದ್ರ, ಪಂಚಾಯ್ತಿ ಹಂತ್ಯಾಕ ಜೀವ ಇರೋ ಮಣ್ಣಿಲ್ಲ ಅಂದ್ರಿ. ಈಗ ಈ ಜಾಗ ಯಾರದು?"

ಕೊಟ್ರಸ್ವಾಮಿಯವರು ಕಡತ ತಿರುವಿದರು. "ಪಂಚಾಯ್ತಿದು. ಬಳಕೆಗೆ ಬಾರದ ಬರಡು ಜಾಗ ಅಂತ ಐತಿ. ಅದಕ್ಕ ಖಲಂದರಗ ಸದ್ಯಕ್ಕ ಅಂತ ಕೊಟ್ಟಿದ್ದು."

"ಬರಡು ಐತೇನ್ರಿ ಈಗ?"

ಎಲ್ಲರೂ ಮೇಡಂ ಕಡೆ ನೋಡಿದರು. ಮೇಡಂ ವಿಜ್ಞಾನಿ. ಸುಳ್ಳು ಹೇಳುವುದು ಅವರಿಂದಾಗದು. "ತಿನ್ನೋ ಬೆಳೆ ಇನ್ನೊಂದು ವರ್ಷ ಬೇಡ. ಗಿಡದ ಸಸಿಗೆ... ಇದಕ್ಕಿಂತ ಒಳ್ಳೆ ಮಣ್ಣು ಸಿಗೋದು ಕಷ್ಟ," ಎಂದರು. ಅಂದ ಮೇಲೆ ಖಲಂದರನ ಮುಖ ನೋಡಿದರು.

ಕೊಟ್ರಸ್ವಾಮಿಯವರು ಸಹಿಯ ಕೆಳಗೆ ಇನ್ನೂ ಎರಡು ಸಾಲು ಬರೆದರು. ಬರೆಯುತ್ತಾ, "ಇಂಥಾ ಮಣ್ಣಿನ ಮ್ಯಾಲ ಔಷಧ ಪಂಪಿನ ಅಂಗಡಿ ಇಟ್ರ ನಾಳಿ ನನ್ನ ಮ್ಯಾಲ ಅರ್ಜಿ ಬರ್ತೈತಿ, ಖಲಂದರ," ಎಂದರು. "ಸೋಮವಾರದಿಂದ ಸಸಿಮಡಿ ಕೆಲಸ ಶುರು. ನಿನಗೇನು ಅನ್ಯಾಯ ಮಾಡಂಗಿಲ್ಲ. ಹಳೇ ಕಣದ ಹಿಂದ ಜಾಗ ಐತಿ, ಅಲ್ಲಿಗೆ ಹೋಗು."

"ಸಾಹೇಬ್ರ, ಅಲ್ಲಿ ಊರಿನ ಔಷಧ ಬಾಟ್ಲಿ ಎಲ್ಲಾ ಒಗೀತಾರ. ಹುಲ್ಲು ಸೈತ ಹುಟ್ಟಂಗಿಲ್ಲ. ಬಸ್ಸಿಳಿದ ರೈತರಿಗೆ ಅಂಗಡಿ ಕಾಣಂಗಿಲ್ಲ."

"ಹುಲ್ಲು ಹುಟ್ಟಂಗಿಲ್ಲ, ಅದಕ್ಕ ಅದು ನಿನಗ," ಎಂದರು ಕೊಟ್ರಸ್ವಾಮಿ. ಬಹಳ ದೊಡ್ಡ ಉಪಕಾರ ಮಾಡಿದವರ ಸಂತೋಷ ಅವರ ಮುಖದಲ್ಲಿತ್ತು. "ನಿನ್ನಂಥ ಕೈ ಊರಾಗ ಇನ್ಯಾರಿಗೈತಿ?"

"ಹೌದು, ಹೌದು," ಎಂದಿತು ಬೀದಿ. ಮರುಳಪ್ಪ ಎಲ್ಲರಿಗಿಂತ ಜೋರಾಗಿ ಹೌದೆಂದ. ಮೇಡಂ, ಬರುವ ವಾರ ಹೊಸ ಕ್ಯಾನು ಕಳಿಸುವುದಾಗಿ ಮಾತು ಕೊಟ್ಟರು. "ಕಣದ ಮಣ್ಣಿಗೆ ಅರವತ್ತು ದಿನ ಬೇಕಾಗಬಹುದು," ಎಂದು ಸಮಾಧಾನವನ್ನೂ ಹೇಳಿದರು.

ಖಲಂದರ ಸುತ್ತ ನೋಡಿದ. ಗೆದ್ದವನು ತಾನೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಎಲ್ಲರೂ ಅವನ ಬೆನ್ನು ತಟ್ಟುತ್ತಿದ್ದರು. ಅವನಿಗೆ ಸಿಟ್ಟು ಬರಬೇಕಾಗಿತ್ತು. ಆದರೆ ಗೋಡೆಯ ಬುಡದ ಆ ಹಸಿರು ಗೆರೆಯ ಮೇಲೆ ಮತ್ತೆ ಮತ್ತೆ ಕಣ್ಣು ಹೋಗಿ ಸಿಟ್ಟು ಕೂಡಿಕೊಳ್ಳಲೇ ಇಲ್ಲ. ಹನ್ನೆರಡು ವರ್ಷದಲ್ಲಿ ತಾನು ರಿಪೇರಿ ಮಾಡಿದ್ದರಲ್ಲಿ ಮತ್ತೆ ಕೆಟ್ಟು ತಿರುಗಿ ಕೈಗೆ ಬಾರದೆ ಇದ್ದದ್ದು ಇದೊಂದೇ ಇರಬೇಕು ಅನಿಸಿತು.

ಸೋಮವಾರ ಎಂದಿದ್ದನ್ನು ಗಾದೆಮ್ಮ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಜೀಪು ತಿರುವು ದಾಟುವ ಮೊದಲೇ ಸಲಿಕೆ, ಬುಟ್ಟಿ ಬಂದವು. ಮರುಳಪ್ಪ ಹಗ್ಗದ ಒಂದು ತುದಿ ಹಿಡಿದು ಮಡಿಯ ಅಳತೆಗೆ ನಿಂತ. ಇನ್ನೊಂದು ತುದಿ ಅಜೀಜಬಿಯ ಕೈಯಲ್ಲಿತ್ತು. ಬೇವು ಮೊದಲೋ ಹುಣಸೆ ಮೊದಲೋ ಎಂದು ಪಕ್ಕೀರಮ್ಮನಿಗೂ ನಾಗಲಿಂಗಮ್ಮನಿಗೂ ಆಗಲೇ ವಾದ ಹತ್ತಿತ್ತು. ಮಡಿ ಅಂಗಡಿಯ ತಗಡಿನ ತನಕ ಬಂದಿತ್ತು.

ಖಲಂದರ ಒಳಗೆ ಹೋಗಿ ಪಂಪಿನ ಮೂತಿಯ ನಾಝಲ್ಲುಗಳನ್ನು ಡಬ್ಬಿಗೆ ತುಂಬಿದ, ನಟ್ಟು ಬಿಗಿಯುವ ಪಾನಾಗಳನ್ನು ಚೀಲಕ್ಕೆ ಹಾಕಿದ. ರಿಪೇರಿ ಮಾಡುವ ಕಬ್ಬಿಣದ ಮೇಜು ಉಳಿಯಿತು. ಒಂದು ತುದಿ ಎತ್ತಿ ನೋಡಿದ. ಇನ್ನೊಂದು ತುದಿ ನೆಲ ಬಿಡಲಿಲ್ಲ. ಬಾಗಿಲಿಗೆ ಬಂದು ನಿಂತ. ಹೊರಗೆ ಎಲ್ಲರ ತಲೆಯೂ ಮಣ್ಣಿನ ಕಡೆ ಬಾಗಿತ್ತು, ಎಲ್ಲರ ಕೈಯೂ ಮಣ್ಣಾಗಿತ್ತು, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು.

"ಈ ಮೇಜು ಒಬ್ಬನ ಕೈಲೆ ಆಗಂಗಿಲ್ಲ," ಎಂದ ಖಲಂದರ. "ಯಾರರೆ ಒಬ್ರು ಬಂದು ಆ ಕಡಿ ಹಿಡೀರಿ."